ನೈಟ್‌ಗೆ ಸಿಕ್ಕ ಬಿಡುಗಡೆ

ಕಲ್ಲಿನ ನೈಟ್‌ನ ಬಲಗೈಯ ಹೆಬ್ಬೆರಳು ಮುರಿದುಹೋಗಿತ್ತು. ಉಳಿದ ಬೆರಳುಗಳನ್ನು ಎದೆಯ ಮೇಲೆ ಜೋಡಿಸಿಕೊಂಡು, ಕಾಲ ಬುಡದಲ್ಲಿ ಒಂದು ಪುಟ್ಟ ನಾಯಿಯನ್ನು ಇಟ್ಟುಕೊಂಡು ಅವನು ತನ್ನ ಸಮಾಧಿಯ ಮೇಲೆ ಮಲಗಿದ್ದ. ಆ ಶಿಲ್ಪದ ಒಂದು ಫೋಟೋವನ್ನು ನಾನು ಓದುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೆ.

ಆಕ್ಲೆಂಡಿನಲ್ಲಿ ಇತಿಹಾಸದ ಎಂ.ಎ. ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಅವನನ್ನು. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ನೈಟ್, ಅಂದರೆ ಬಿರುದು ಪಡೆದ ಕುದುರೆ ಸವಾರ ಯೋಧ. ಈಗ ಅವನ ಹೆಸರು ಯಾರಿಗೂ ನೆನಪಿಲ್ಲ. ಹರೆಯದಲ್ಲಿ ಒಮ್ಮೆ ಒಬ್ಬ ಪ್ರಭುವಿನ ದಂಡಿನ ಜೊತೆ ಫ್ರಾನ್ಸಿಗೆ ಹೋಗಿ ಜ್ವರ ಹಿಡಿದು ಮರಳಿದ. ಅಲ್ಲಿಗೆ ಶೌರ್ಯದ ಕತೆ ಮುಗಿಯಿತು. ಆಮೇಲಿನದೆಲ್ಲ ತೆರಿಗೆ ವಸೂಲಿ, ಜಿಲ್ಲೆಯ ಶೆರಿಫ್ ಹುದ್ದೆ, ಪಾರ್ಲಿಮೆಂಟಿನಲ್ಲಿ ಜಿಲ್ಲೆಯ ಪರವಾಗಿ ಕೂರುವುದು, ಕಳ್ಳರ ವಿಚಾರಣೆ, ಮುರಿದ ಸೇತುವೆ, ಹೂಳು ತುಂಬಿದ ಕಾಲುವೆ. ಹೆಚ್ಚಿನ ಕೆಲಸಗಳಿಗೆ ಸಂಬಳವಿರಲಿಲ್ಲ. ರಾಜನ ಆಜ್ಞೆ ಬಂದರೆ ಕುದುರೆ ಹತ್ತಬೇಕು, ಅಷ್ಟೆ.

ಈ ಪ್ರಬಂಧದ ಬಗ್ಗೆ ತಪ್ಪದೆ ವಿಚಾರಿಸುತ್ತಿದ್ದವರು ಆಕ್ಲೆಂಡಿನದೇ ಬಡಾವಣೆಯಾದ ಪಾಪಟೋಟೊಯಿಯ ಅಂಕಲ್. ಮೈಸೂರಿನವರು, ನಮ್ಮ ಮನೆಯವರಿಗೆ ಪರಿಚಯ. ನಾನು ಈ ದೇಶಕ್ಕೆ ಬಂದಿಳಿದ ದಿನ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬಂದವರೂ ಅವರೇ. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಶನಿವಾರ ರೈಲಿನಲ್ಲಿ ಅವರ ಮನೆಗೆ ಹೋದರೆ ಬಾಗಿಲಲ್ಲೇ ಅಂಕಲ್ ಕೇಳುತ್ತಿದ್ದರು.

"ಏನಮ್ಮಾ, ನಿನ್ನ ನೈಟ್ ಈ ವಾರ ಯಾವ ಯುದ್ಧಕ್ಕೆ ಹೋಗಿದ್ದ?"

"ಸೇತುವೆ ರಿಪೇರಿ, ಅಂಕಲ್."

"ಮತ್ತೆ ಸೇತುವೆನಾ? ಅವನು ನೈಟೋ, ಪಿಡಬ್ಲ್ಯೂಡಿನೋ?"

ಅಂಕಲ್ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಸಂಘ ಶುರುವಾದಾಗಿನಿಂದ ಅವರೇ. ಹಾಲ್ ಗೊತ್ತು ಮಾಡುವವರು, ಕುರ್ಚಿ ಜೋಡಿಸುವವರು, ಮಕ್ಕಳ ನಾಟಕಕ್ಕೆ ಮೈಕು ತರುವವರು ಅವರು. ಸಂಘದ ದೀಪದ ಕಂಬ, ಬ್ಯಾನರು, ಅಡುಗೆಯ ಎರಡು ದೊಡ್ಡ ಕೊಳದಪ್ಪಲೆ ಅವರ ಕಾರಿನ ಡಿಕ್ಕಿಯಲ್ಲೇ ವಾಸ. ಅಂಗಡಿಗೆ ಹೋದಾಗ ಅಕ್ಕಿ ಮೂಟೆಯನ್ನು ಆಂಟಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು.

ಒಂದು ಶನಿವಾರ ನಾನು ನೈಟ್‌ನ ಮುಪ್ಪಿನ ಸುದ್ದಿ ಹೇಳಿದೆ. "ಕೊನೆಗೆ ರಾಜನಿಂದ ಬಿಡುಗಡೆ ತಗೊಂಡ, ಅಂಕಲ್. ವಯಸ್ಸಾಯ್ತು, ಮೈಯಲ್ಲಿ ಶಕ್ತಿ ಇಲ್ಲ, ಇನ್ಮೇಲೆ ಅವನಿಗೆ ಇಷ್ಟ ಇಲ್ಲದೆ ಯಾವ ಕೆಲಸಕ್ಕೂ ಹಾಕಕೂಡದು ಅಂತ ರಾಜನೇ ಅಪ್ಪಣೆ ಕೊಟ್ಟ."

"ಸದ್ಯ. ಆಮೇಲೆ ಆರಾಮಾಗಿದ್ನಾ?"

"ಇಲ್ಲ. ಮಾರನೇ ವರ್ಷಾನೇ ಇನ್ನೊಂದು ಸೇತುವೆಗೆ ಹಾಕಿದ್ರು."

ಅಂಕಲ್ ಬಹಳ ಹೊತ್ತು ನಕ್ಕರು. ನಗುತ್ತಲೇ ಕೆಳಹೊಟ್ಟೆಯ ಮೇಲೆ ಕೈ ಒತ್ತಿಕೊಂಡರು.

"ನಗಬೇಡಿ, ನೋಯುತ್ತೆ," ಎಂದರು ಆಂಟಿ. ನನ್ನ ಕಡೆ ತಿರುಗಿ, "ಹರ್ನಿಯಾ ಕಣೇ. ಬರೋ ತಿಂಗಳು ಆಪರೇಷನ್. ಭಾರ ಎತ್ತಲೇಬೇಡಿ ಅಂದಿದಾರೆ ಡಾಕ್ಟ್ರು. ಇವರು ನೆನ್ನೆ ಕೊಳದಪ್ಪಲೆ ಎತ್ತಿದಾರೆ."

"ಸಂಘದ್ದು ಕಣೇ ಅದು."

"ಸಂಘದ್ದಾದ್ರೆ ಹಗುರಾನಾ?"

"ಈ ಸಲದ ಮೀಟಿಂಗಲ್ಲಿ ಬೇಡ ಅಂದ್ಬಿಡ್ತೀನಿ."

"ಹೋದ ವರ್ಷಾನೂ ಅಂದ್ರಿ. ಕಾರಣ ಹೇಳಿ ಈ ಸಲ."

"ಅಷ್ಟು ಜನದ ಮುಂದೆ ನಿಂತ್ಕೊಂಡು ಹರ್ನಿಯಾ ಅಂತ ಹೇಳ್ಲಾ? ನೀವಿಬ್ರೂ ಹೇಳಕೂಡದು, ತಿಳೀತಾ?"

ಆ ವಾರ ನಾನು ಕೊನೆಯ ಅಧ್ಯಾಯದಲ್ಲಿ ಹೀಗೆ ಬರೆದೆ: ವಯಸ್ಸು, ಅಶಕ್ತಿ ಎಂಬುದು ಇಂಥ ಕೋರಿಕೆಗಳಲ್ಲಿ ಬರುವ ವಾಡಿಕೆಯ ಮಾತು; ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ನನ್ನ ಮಾರ್ಗದರ್ಶಕರಿಗೆ ಆ ವಾಕ್ಯ ಹಿಡಿಸಿತು.

ಸಂಘದ ವಾರ್ಷಿಕ ಸಭೆ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಮೊದಲು ಊಟ. ನಮ್ಮಲ್ಲಿ ಬಡಿಸುವವರು ಮೊದಲ "ಬೇಡ"ವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದನ್ನೂ ಇಲ್ಲ. ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದರೇ ಪ್ರೀತಿ. ಧಾರವಾಡದ ಕಡೆಯವರಾದ ಸಂಘದ ಅಧ್ಯಕ್ಷರು ಅಂಕಲ್ ಬೆರಳುಗಳ ನಡುವೆಯೇ ಇನ್ನೊಂದು ಹೋಳಿಗೆ ಜಾರಿಸಿದರು. ಅಂಕಲ್ ಅದನ್ನೂ ತಿಂದರು.

ಊಟದ ಮೇಲೆ ಪದಾಧಿಕಾರಿಗಳ ಆಯ್ಕೆ. ಅಂಕಲ್ ಎದ್ದು ನಿಂತರು. "ಈ ವರ್ಷ ನನಗೆ ಬೇಡ. ದಯವಿಟ್ಟು ಬೇರೆ ಯಾರಾದ್ರೂ ವಹಿಸ್ಕೊಳ್ಳಿ."

"ಏ, ಅದನ್ನ ಪ್ರತಿ ವರ್ಷಾ ಹೇಳ್ತೀರಿ ಬಿಡ್ರೀ," ಎಂದರು ಅಧ್ಯಕ್ಷರು. "ಬ್ಯಾಡ ಅನ್ನೋದು ನಿಮ್ಮ ದೊಡ್ಡತನ. ಕಾರ್ಯದರ್ಶಿ ಅಂದ್ರ ನೀವ. ಚಪ್ಪಾಳಿ ಹೊಡೀರೆಪ್ಪಾ."

ಎಲ್ಲರೂ ಚಪ್ಪಾಳೆ ಹೊಡೆದರು. ಅದರಲ್ಲಿ ಕುಹಕವೇನೂ ಇರಲಿಲ್ಲ, ಹೋಳಿಗೆಯಲ್ಲಿದ್ದಂಥದೇ ಪ್ರೀತಿ. ಅಂಕಲ್ ಮುಗುಳ್ನಗುತ್ತ ಕೈ ಮುಗಿಯಲು ಹೊರಟರು. ನನ್ನ ಪಕ್ಕದಲ್ಲಿ ಆಂಟಿ ತಮ್ಮ ಸೆರಗನ್ನೇ ನೋಡುತ್ತ ಕೂತಿದ್ದರು.

ನಾನು ಎದ್ದು ನಿಂತೆ. ಅಂಥ ಸಭೆಗಳಲ್ಲಿ ಅದುವರೆಗೆ ನಾನು ಬಾಯಿ ತೆರೆದವಳಲ್ಲ.

"ಅವರು ಉಪಚಾರಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಬೇಡ ಅಂತಿದಾರೆ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಉಳಿದು ನಿಂತಿತು.

"ಯಾಕವ್ವಾ, ಏನ್ ಕಾರಣ?" ಎಂದರು ಅಧ್ಯಕ್ಷರು.

"ಕಾರಣ ಕೇಳಬೇಡಿ ಸರ್. ಅವರನ್ನ ಬಿಟ್ಟುಬಿಡಿ."

"ಬಿಡೂಣು. ಹಂಗಾರ ನೀ ಮಾಡ್ತೀಯೇನು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪ್ರಬಂಧ ಒಪ್ಪಿಸಲು ಹೆಚ್ಚು ಸಮಯ ಉಳಿದಿರಲಿಲ್ಲ.

"ಮಾಡ್ತೀನಿ."

"ಕಾರ್ ಐತೇನು?"

"ಇಲ್ಲ."

ಈಗ ಎಲ್ಲರೂ ನಕ್ಕರು, ಅಧ್ಯಕ್ಷರೂ. ನಗು ನಿಲ್ಲುವ ಮೊದಲೇ ಅವರು ಮತ್ತೆ ಚಪ್ಪಾಳೆ ಹೊಡೆಸಿದರು. ಅಂಕಲ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಧಾನವಾಗಿ ಕೂತರು.

ಸಂಜೆ ನನ್ನನ್ನು ಸ್ಟೇಷನ್ನಿಗೆ ಬಿಟ್ಟವರು ಅಂಕಲ್. ಇಳಿಯುವಾಗ, "ಕೊನೆಗೆ ನಿನ್ನನ್ನೂ ಸೇತುವೆಗೆ ಹಾಕ್ಬಿಟ್ರಲ್ಲಮ್ಮಾ," ಎಂದರು.

ಮಾರನೆಯ ಬೆಳಿಗ್ಗೆ ನನ್ನ ಫ್ಲಾಟ್‌ಮೇಟ್‌ನ ಹತ್ತಿರ ಅವಳ ಯೂಟ್ ಗಾಡಿ ಕೇಳಿದೆ. ಅದರ ಹಿಂಭಾಗ ತೆರೆದಿದ್ದು ಸಾಮಾನು ಹೇರಲು ಅನುಕೂಲವಾಗಿತ್ತು. ಅವಳೇ ಓಡಿಸಿಕೊಂಡು ಬಂದಳು. ಅಂಕಲ್ ಡಿಕ್ಕಿ ತೆರೆದು, ಬಗ್ಗಲು ಹೋಗಿ, ಆಂಟಿಯ ಮುಖ ನೋಡಿ ಹಿಂದೆ ಸರಿದರು. ನಾವಿಬ್ಬರೂ ಕೊಳದಪ್ಪಲೆಗಳನ್ನು ಒಂದೊಂದು ಕಡೆ ಹಿಡಿದು ಸಾಗಿಸಿದೆವು. ದೀಪದ ಕಂಬ ಒಂದು ಹಳೆಯ ಪಂಚೆಯನ್ನು ಸುತ್ತಿಕೊಂಡಿತ್ತು. ಎಲ್ಲ ಮುಗಿದ ಮೇಲೆ ಆಂಟಿ ಖಾಲಿ ಡಿಕ್ಕಿಯೊಳಗೆ ಬಗ್ಗಿ ನೋಡಿದರು.

"ಎಷ್ಟು ಜಾಗ ಇದೆ ರೀ ಇದರಲ್ಲಿ," ಎಂದರು.

ಮನೆಗೆ ಬಂದು ಕೊಳದಪ್ಪಲೆಗಳನ್ನು ಅಡುಗೆಮನೆಯಲ್ಲಿ ಇಳಿಸಿ, ಕೋಣೆಗೆ ಹೋಗಿ ಕೊನೆಯ ಅಧ್ಯಾಯ ತೆರೆದೆ. ವಾಡಿಕೆಯ ಮಾತು ಎಂಬ ವಾಕ್ಯವನ್ನು ಅಳಿಸಿ, ಅವನಿಗೆ ವಯಸ್ಸಾಗಿತ್ತು, ಮೈಯಲ್ಲಿ ಶಕ್ತಿಯಿರಲಿಲ್ಲ ಎಂದಷ್ಟೇ ಬರೆದೆ. ಆಮೇಲೆ ಕೊಳದಪ್ಪಲೆ ತೊಳೆಯಲು ಹೋದೆ. ತಳದಲ್ಲಿ ಹಿಂದಿನ ದಿನದ ಬಿಸಿಬೇಳೆ ಬಾತ್ ಇನ್ನೂ ಅಂಟಿಕೊಂಡಿತ್ತು.