ಸುಣ್ಣ ಹಾಕದ ಆರತಿ

ನಮ್ಮ ಕಡೆ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನ ಮಾಡುವುದು ತೊಗರಿಬೇಳೆ. ಬೋರ್‌ವೆಲ್ ನೀರಿನಲ್ಲಿ ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಕಲ್ಲಿನಂತೆ ತಳದಲ್ಲಿ ಕೂತಿರುತ್ತದೆ. ಹೊಳೆಯ ಮರಳಲ್ಲಿ ಗುಂಡಿ ತೋಡಿ ಒರತೆ ನೀರು ಮೊಗೆದು ತಂದರೆ ಬೆಣ್ಣೆಯಂತೆ ಬೇಯುತ್ತದೆ. ಹಾಗಾಗಿ ಫಿಲ್ಟರ್ ನೀರಿನ ಕ್ಯಾನುಗಳು ಬಂದ ಮೇಲೂ, ಲಕ್ಕೂರಿನ ಆಚೆಗಿನ ನಮ್ಮೂರಿನ ಹೆಂಗಸರು ಬಿಂದಿಗೆ ಹಿಡಿದು ಹೊಳೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ನಮ್ಮತ್ತೆಯಂತೂ ಕ್ಯಾನ್ ನೀರನ್ನು ಬಾಯಿಗೆ ಹಾಕಿ ಉಗುಳಿದ್ದರು.

ಈ ಸಲದ ಬೇಸಿಗೆಯಲ್ಲಿ ಬೇಳೆ ಮೊದಲ ಕೂಗಿಗೇ ಕರಗಿಹೋಗತೊಡಗಿತು.

"ನೋಡೇ, ಗಂಗಮ್ಮ ಕಣ್ಣು ಬಿಟ್ಟವ್ಳೆ," ಎಂದು ಅತ್ತೆ ಹಿಗ್ಗಿದರು.

ನಾನು ಹುಟ್ಟಿನಿಂದಲೇ ಅನುಮಾನದ ಪ್ರಾಣಿ. ಒರತೆಯ ಅಂಚಿನಲ್ಲಿ ಬೆಳ್ಳಗೆ ಪೊರೆಗಟ್ಟಿರುತ್ತಿತ್ತು. ನೀರು ಮುಟ್ಟಿದ ಬೆರಳು ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಸಂಜೆಯಾದರೆ ತಲೆ ತಿನ್ನುತ್ತಿದ್ದ ಕಪ್ಪೆಗಳ ಸದ್ದೇ ಇರಲಿಲ್ಲ. ಮೇಲ್ಗಡೆ, ಕಾಂಪೌಂಡ್ ಎತ್ತರಿಸಿಕೊಂಡ ಹೊಸ ಫ್ಯಾಕ್ಟರಿಯ ಹಿಂದಿನಿಂದ ಒಂದು ಪೈಪು ಹೊಳೆಗೆ ಇಳಿದಿತ್ತು.

"ಅತ್ತೆ, ಈ ನೀರು ಯಾಕೋ ಸರಿಯಿಲ್ಲ," ಎಂದೆ.

"ನಿನಗೆ ಬಿಂದಿಗೆ ಹೊರಕ್ಕೆ ಸೋಮಾರಿತನ ಕಣೇ. ಬೇಳೆ ಬೇಯ್ತಾ ಇಲ್ವಾ? ಇನ್ನೇನ್ ಬೇಕು?"

ಬೇಳೆ ಬೇಯುತ್ತಿತ್ತು, ನಿಜ. ಅತ್ತೆಯ ಮುಂದೆ ನನ್ನ ಬೇಳೆ ಮಾತ್ರ ಬೇಯಲಿಲ್ಲ.

ಅದೇ ಹೊತ್ತಿಗೆ ನಾದಿನಿ ವಾಂತಿ ತಾಳಲಾರದೆ ತವರಿಗೆ ಬಂದಳು. ಚೊಚ್ಚಲ ಬಸಿರು. ಅತ್ತೆ ಹೊಳೆಯ ನೀರನ್ನು ಹಂಡೆಗೆ ತುಂಬಿಸಿ ಅವಳಿಗೆಂದೇ ಮುಚ್ಚಿಡುತ್ತಿದ್ದರು. "ಏನೋ ಒಗರಮ್ಮ," ಎಂದು ಅವಳು ಮುಖ ಕಿವಿಚಿದರೆ, "ಬಸುರಿ ಬಾಯಿಗೆ ಎಲ್ಲಾ ಒಗರೇ, ಕುಡಿ," ಎನ್ನುತ್ತಿದ್ದರು. ಅವಳು ಕುಡಿಯುತ್ತಿದ್ದಳು.

ಬಳೆ ತೊಡಿಸುವ ದಿನ ಬಂತು. ಮಣೆಯ ಮೇಲೆ ನಾದಿನಿ, ಕೈತುಂಬ ಹಸಿರು ಬಳೆ. ಆರತಿ ನೀರು ಕಲಸುವ ಕೆಲಸ ನನ್ನದು. ತಟ್ಟೆಗೆ ಹಂಡೆಯ ನೀರು ಹಾಕಿ, ಅರಿಶಿನ ಉದುರಿಸಿ, ಸುಣ್ಣದ ಡಬ್ಬಿ ಹುಡುಕಲು ಹೋದೆ. ಬಂದು ನೋಡಿದರೆ ತಟ್ಟೆ ಆಗಲೇ ಕೆಂಪಾಗಿತ್ತು.

ಸುಣ್ಣ ಬಿದ್ದರೆ ತಾನೆ ಅರಿಶಿನ ಕೆಂಪಾಗುವುದು? ಯಾರೋ ಹಾಕಿರಬೇಕೆಂದುಕೊಂಡರೂ ಅನುಮಾನ ಹೋಗದೆ ತಟ್ಟೆ ಒರೆಸಿ, ಪಕ್ಕದ ಮನೆಯ ಕ್ಯಾನ್ ನೀರು ತಂದು ಕಲಸಿದೆ. ಹಳದಿಯಾಗಿಯೇ ಉಳಿಯಿತು. ಇನ್ನೊಂದು ತಟ್ಟೆಯಲ್ಲಿ ಹಂಡೆಯ ನೀರು ಹಾಕಿ ಕಲಸಿದೆ. ಮತ್ತೆ ಕೆಂಪು. ಕುಕ್ಕರಿನಲ್ಲಿ ಅರಿಶಿನ ಹಾಕಿ ಬೇಯಿಸಿದ ಬೇಳೆ ಕೆಂಪಗೆ ಕಾಣುತ್ತಿದ್ದುದು, ಹುಣಸೆ ರಸ ಬಿದ್ದೊಡನೆ ಹಳದಿಗೆ ತಿರುಗುತ್ತಿದ್ದುದು ಆಗ ನೆನಪಾಯಿತು. ಸುಣ್ಣದಂಥದ್ದೇನೋ ನೀರಿನಲ್ಲೇ ಇತ್ತು.

ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅತ್ತೆ ಎರಡೂ ತಟ್ಟೆಗಳನ್ನು ನೋಡಿದರು. ಅವರಿಗೆ ಗಾಬರಿಯಾದರೆ ಬಾಯಿಗೆ ತೆಲುಗೇ ಬರುವುದು. "ಅಯ್ಯೋ ದೇವುಡಾ," ಎಂದು ಕಂಬ ಹಿಡಿದು ಕೂತರು.

ನಾದಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ಕೇಳಿದಳು: "ಅತ್ತಿಗೆ, ನಾನು ಇಷ್ಟು ದಿನ ಕುಡಿದಿದ್ದು ಇದೇ ನೀರಲ್ವಾ?"

ನಾನು ಹಂಡೆಯನ್ನು ಅಂಗಳಕ್ಕೆ ಎಳೆದು ನೀರೆಲ್ಲ ಚೆಲ್ಲಿದೆ.

ಈಗ ಹೊಳೆಗೆ ಯಾರೂ ಇಳಿಯುವುದಿಲ್ಲ. ಪೈಪು ಇದ್ದಲ್ಲೇ ಇದೆ. ಕೋಲಾರದ ಡಾಕ್ಟರು ಸ್ಕ್ಯಾನ್ ನೋಡಿ, "ಹುಟ್ಟಲಿ, ನೋಡೋಣ" ಎಂದರು. ಆ ಮಾತಿನ ಮೇಲೆ ನನಗಿನ್ನೂ ಸಿಟ್ಟಿದೆ. ಬೋರ್‌ವೆಲ್ ನೀರಿನಲ್ಲಿ ಅರೆಬೆಂದ ಬೇಳೆಯನ್ನು ಎಲ್ಲರೂ ಸದ್ದಿಲ್ಲದೆ ಅಗಿಯುತ್ತೇವೆ. ನಾದಿನಿಗೆ ದಿನ ಹತ್ತಿರ ಬಂದಿದೆ. ಮಗು ಒದೆಯುವುದು ಸ್ವಲ್ಪ ತಡವಾದರೂ ಅತ್ತೆ ಮಗಳ ಮುಖ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.