ಕುದುರೆ ಕೊಬ್ಬುವವರೆಗೆ

ಬುರುಲ್ಸುನ್ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ನಮ್ಮ ರಾಜಧಾನಿ ಬಿಷ್ಕೆಕ್‌ನ ಹೊರವಲಯದ ಒಂದೇ ಹೊಲಿಗೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಹೊಲಿಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ತೆಂಗಿನ ಮರದ ಚಿತ್ರವಿರುವ ಬೇಸಿಗೆ ಫ್ರಾಕುಗಳು ಅವಳ ಮಷೀನಿನಿಂದ ಎಷ್ಟು ಸಾವಿರ ಹೋದವೋ ಲೆಕ್ಕವಿಲ್ಲ. ತೆಂಗಿನ ಮರವನ್ನು ಮಾತ್ರ ಅವಳು ಕಂಡಿಲ್ಲ. ಸಮುದ್ರವನ್ನಂತೂ ನಮ್ಮ ಇಡೀ ಕಾರ್ಖಾನೆಯಲ್ಲಿ ಯಾರೂ ಕಂಡಿಲ್ಲ.

ಕಳೆದ ನವೆಂಬರಿನಲ್ಲಿ ಅವಳ ಗಂಡ ಕುಬಾತ್ ತೀರಿಕೊಂಡ. ಈ ಆಗಸ್ಟಿನ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಅವಳು ಫೋನನ್ನು ನನ್ನ ಮೂಗಿಗೇ ಹಿಡಿದಳು.

“ನೋಡೇ ನುರ್ಜಾತ್, ಗೋವಾ! ಅಲ್ಮಾಟಿಯಿಂದ ವಿಮಾನ, ಐದು ರಾತ್ರಿ, ಬೆಳಗಿನ ತಿಂಡಿ ಸೇರಿ. ಈ ದುಡ್ಡಿಗೆ ಇಸಿಕ್-ಕುಲ್ ಸರೋವರದ ಹತ್ರಾನೂ ರೂಮ್ ಸಿಗಲ್ಲ.”

“ತಲೆ ಮೇಲೆ ಕಪ್ಪು ಬಟ್ಟೆ ಇನ್ನೂ ಇಳಿದಿಲ್ಲ, ನಿನಗೆ ಈಜೋ ಚಪಲಾನಾ?”

“ಕುಬಾತ್‌ನ ವರ್ಷದ ಊಟ ನವೆಂಬರ್ ಎರಡಕ್ಕೆ. ವಿಮಾನ ಒಂಬತ್ತಕ್ಕೆ. ಅಷ್ಟರಲ್ಲಿ ಬಿಳಿ ಬಟ್ಟೆ ಕಟ್ಟಿರ್ತೀನಿ ಕಣೆ.”

ಅಂದೇ ಸಂಜೆ ಟಿಕೆಟ್ ಕೊಂಡಳು. ಅಗ್ಗದ ಟಿಕೆಟ್ಟು, ಹಿಂದಿರುಗಿಸುವಂತಿಲ್ಲ, ತಾರೀಕು ಬದಲಿಸುವಂತಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದರೆ ಕೇಳಬೇಕಲ್ಲ. ಏಳು ಕಿಲೋ ಮೀರದ ಕೈಚೀಲ ಮಾತ್ರ ಒಯ್ಯಬಹುದೆಂದು ದಿನವೂ ಚೀಲವನ್ನು ಬಟ್ಟೆ ತೂಗುವ ತಕ್ಕಡಿಗೆ ಹಾಕುತ್ತಿದ್ದಳು. ಒಣಮೊಸರಿನ ಉಂಡೆ ಹಾಕುವಳು, ತೆಗೆಯುವಳು. ಕೊಡೆ ಹಾಕುವಳು, ತೆಗೆಯುವಳು. ಅವಳನ್ನು ನೋಡಿಯೇ ನನಗೆ ತಲೆ ಸುತ್ತುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಕೆಮಿನ್ ಕಡೆಯ ಹಳ್ಳಿಯಿಂದ ಗಂಡನ ಅಣ್ಣ ಶರ್ಶೆನ್ ಫೋನ್ ಮಾಡಿದ. “ಕುದುರೆ ಇನ್ನೂ ಕೊಬ್ಬಿಲ್ಲಮ್ಮ. ಒಣಕಲು ಮಾಂಸ ಬಡಿಸಿದ್ರೆ ಜನ ಮುಖಕ್ಕೆ ಉಗೀತಾರೆ. ಊಟಾನ ನವೆಂಬರ್ ಹದಿನಾರಕ್ಕೆ ಇಟ್ಕೊಳ್ಳೋಣ.”

ನಮ್ಮಲ್ಲಿ ಸತ್ತವನ ಮರ್ಯಾದೆಯನ್ನು ವರ್ಷದ ಊಟಕ್ಕೆ ಕೊಯ್ಯುವ ಕುದುರೆಯ ಪಕ್ಕೆಯ ಮೇಲಿನ ಕೊಬ್ಬಿನಲ್ಲಿ ಬೆರಳಿಟ್ಟು ಅಳೆಯುತ್ತಾರೆ. ನಾಲ್ಕು ಬೆರಳಿದ್ದರೆ ಊರು ಹತ್ತು ವರ್ಷ ನೆನೆಯುತ್ತದೆ. ಆ ಊಟವಾಗದೆ ವಿಧವೆಯ ತಲೆಯ ಕಪ್ಪು ಇಳಿಯುವುದಿಲ್ಲ, ಇಳಿಯದೆ ಅವಳು ಸುತ್ತಾಟಕ್ಕೆ ಹೊರಡುವಂತಿಲ್ಲ.

“ಬಾಯಿಬಿಟ್ಟು ಹೇಳಿಬಿಡೇ,” ಎಂದೆ.

“ಏನಂತ ಹೇಳಲಿ? ನಿಮ್ಮ ತಮ್ಮನ ಊಟ ಬೇಗ ಮುಗಿಸಿ, ನಾನು ನೀರಾಟಕ್ಕೆ ಹೋಗ್ಬೇಕು ಅಂತಲಾ?”

ಬಾಯಿಬಿಡುವ ಬದಲು ಅವಳು ಬಾರ್ಲಿ ಹೊತ್ತಳು. ಭಾನುವಾರ ಬಂದರೆ ಶರ್ಶೆನ್ ಮನೆಯ ಕುದುರೆಗೆಂದು ಬಸ್ಸಿನಲ್ಲಿ ಒಂದು ಮೂಟೆ. ಅದರ ಇನ್ನೊಂದು ತುದಿ ಹಿಡಿಯುವ ಕರ್ಮ ನನ್ನದು. ಕುದುರೆ ತಿನ್ನುವಾಗ ಪಕ್ಕದಲ್ಲೇ ನಿಂತು, “ತಿನ್ನೋ, ಬೇಗ ತಿನ್ನೋ,” ಎಂದು ಗೋಗರೆಯುತ್ತಿದ್ದಳು. ಹಳ್ಳಿಯ ಹೆಂಗಸರು, “ಹೆಂಡ್ತಿ ಅಂದ್ರೆ ಇವಳು, ಗಂಡನ ಮೇಲೆ ಎಷ್ಟು ಪ್ರಾಣ ನೋಡಿ,” ಎನ್ನುವರು. ಅವಳು ನೆಲ ನೋಡುವಳು. ನನಗೂ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಅಕ್ಟೋಬರಿನ ಮೂರನೇ ಭಾನುವಾರ ಶರ್ಶೆನ್ ಕುದುರೆಯ ಪಕ್ಕೆ ಮುಟ್ಟಿ ನೋಡಿದ. ಕುದುರೆ ನೋಡುವುದರಲ್ಲಿ ಅವನ ಮಾತಿಗೆ ಸುತ್ತಲ ಐದು ಹಳ್ಳಿಯಲ್ಲಿ ಎದುರಿಲ್ಲ.

“ಈಗ ಎರಡು ಬೆರಳು. ಹದಿನಾರಕ್ಕೆ ನಾಲ್ಕಾಗುತ್ತೆ.”

ಬುರುಲ್ಸುನ್ ಬಕೆಟ್ ಕೆಳಗಿಟ್ಟಳು. “ಬಾವ, ಒಂಬತ್ತಕ್ಕೆ ನಾನು ಸಮುದ್ರಕ್ಕೆ ಹೋಗ್ಬೇಕು. ಟಿಕೆಟ್ ತಗೊಂಡಾಗಿದೆ. ಈ ಬಾರ್ಲಿ ತಂದಿದ್ದು ಕುಬಾತ್‌ಗೋಸ್ಕರ ಅಲ್ಲ, ನನಗೋಸ್ಕರ.”

ಶರ್ಶೆನ್ ಮುಖ ಕಪ್ಪಿಟ್ಟಿತು. “ಇಸಿಕ್-ಕುಲ್ ಸಾಲದೇನು ನಿನಗೆ?”

“ಸಾಲದು ಬಾವ. ಅದರ ಆಚೆ ದಡ ಕಾಣುತ್ತೆ.”

ಅವನು ತಿರುಗಿ ಒಳಗೆ ಹೋದ. ಟೀ ಕೂಡ ಕುಡಿಯಿರಿ ಎನ್ನಲಿಲ್ಲ. ಮನೆಗೆ ಬಂದ ಶತ್ರುವನ್ನೂ ನಾವು ಹಾಗೆ ಕಳಿಸುವುದಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬುರುಲ್ಸುನ್ ಸೀಟು ಬದಲಿಸುತ್ತಾ, ಟಿಕೆಟ್ ಹರಿದು ಹಾಕುತ್ತೇನೆ ಎನ್ನುತ್ತಾ, ಇಲ್ಲ ಹೋಗಿಯೇ ತೀರುತ್ತೇನೆ ಎನ್ನುತ್ತಾ ನನ್ನ ಜೀವ ತಿಂದಳು.

ಬುಧವಾರ ಶರ್ಶೆನ್ ಫೋನ್ ಬಂತು. “ಎರಡನೇ ತಾರೀಕೇ ಊಟ. ಬನ್ನಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಊಟದ ದಿನ ಹಿರಿಯ ಹೆಂಗಸರು ಬುರುಲ್ಸುನ್ ತಲೆಯ ಕಪ್ಪು ಬಿಚ್ಚಿ ಬಿಳಿ ಕಟ್ಟಿದರು. ಅವಳು ಕುಬಾತ್‌ನ ಹೆಸರು ಹಿಡಿದು ಅತ್ತಳು, ನಿಜವಾಗಿಯೇ ಅತ್ತಳು. ಆಮೇಲೆ ತಟ್ಟೆಗಳು ಬಂದವು. ನೆರೆಮನೆಯ ಮುದುಕನೊಬ್ಬ ಪಕ್ಕೆ ಮಾಂಸದ ಚೂರೊಂದನ್ನು ಬೆಳಕಿಗೆ ಹಿಡಿದ.

“ಏನಪ್ಪ ಶರ್ಶೆನ್, ಕೊಯ್ದಿದ್ದು ಕುದುರೇನಾ, ಸೈಕಲ್ಲಾ? ಒಡಹುಟ್ಟಿದ ತಮ್ಮನಿಗೆ ಇಷ್ಟೇನಾ?”

ಯಾರೂ ನಗಲಿಲ್ಲ. ಟೀ ಹಾಕುತ್ತಿದ್ದ ಬುರುಲ್ಸುನ್ ಕೈ ನಿಂತಿತು. “ಅಜ್ಜ, ಅದು...” ಎಂದು ಬಾಯಿ ತೆರೆದಳು.

“ನಾನೇ ಸರಿಯಾಗಿ ಮೇಯಿಸಲಿಲ್ಲ,” ಎಂದ ಶರ್ಶೆನ್, ತಟ್ಟೆಯಿಂದ ತಲೆ ಎತ್ತದೆ. “ಸೋಮಾರಿತನ. ತಪ್ಪು ನಂದೇ. ನೀನು ಟೀ ಹಾಕಮ್ಮ.”

ಐದು ಹಳ್ಳಿಯ ಜನ ಅಲ್ಲಿದ್ದರು, ಅಷ್ಟೂ ಜನ ಕೇಳಿದರು.

ಸಂಜೆ ನಾವು ಬಸ್ಸು ಹತ್ತಿದ ಮೇಲೆ ಶರ್ಶೆನ್ ಏದುಸಿರು ಬಿಡುತ್ತಾ ಬಂದು ಕಿಟಕಿಯೊಳಗೆ ಒಂದು ಪೊಟ್ಟಣ ತೂರಿಸಿದ. ಇದ್ದುದರಲ್ಲಿ ದಪ್ಪನೆಯ ಪಕ್ಕೆ ಮಾಂಸ.

“ದಾರಿಗೆ ಇಟ್ಕೋ,” ಎಂದ. ಬಸ್ಸು ಹೊರಡುವಾಗಲೂ ಕಿಟಕಿಯ ಅಂಚು ಬಿಡಲಿಲ್ಲ. “ಆಚೆ ದಡ ನಿಜವಾಗ್ಲೂ ಕಾಣಲ್ವಾ?”

“ಕಾಣಲ್ವಂತೆ ಬಾವ.”

“ಸರಿಯಾಗಿ ನೋಡ್ಕೊಂಡು ಬಾ. ಬಂದು ನನಗೆ ಹೇಳು.”

ಬಿಷ್ಕೆಕ್ ಬರುವವರೆಗೆ ಬುರುಲ್ಸುನ್ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.