ನುಗ್ಗೆಮರದ ಮನೆಗೆ ನಾವು ಹೊರಿಸಿದ ಸಾವು

ನಾವು ಹೇಳಿದ ಸುಳ್ಳಿನ ಫಲವನ್ನು ಅನುಭವಿಸಿದ್ದು ಅಭ್ಯರ್ಥಿಯಲ್ಲ, ಪಕ್ಷವಲ್ಲ, ಆ ಸುಳ್ಳನ್ನು ಕೈಯಾರೆ ಬರೆದ ನಾನೂ ಅಲ್ಲ. ಅತ್ತಿಗುಪ್ಪೆಯ ಒಂದು ಬಾಡಿಗೆ ಮನೆಯಲ್ಲಿದ್ದ, ಏಳು ತಿಂಗಳು ತುಂಬಿದ್ದ ಒಬ್ಬ ಬಸುರಿ ಅದನ್ನು ಅನುಭವಿಸಿದಳು.

ಅದು ಎಂಬತ್ತರ ದಶಕದ ಒಂದು ವಿಧಾನಸಭಾ ಚುನಾವಣೆ. ವಿಜಯನಗರದ ಮಾರುಕಟ್ಟೆ ಬೀದಿಯ ಮಳಿಗೆಯೊಂದು ನಮ್ಮ ಪಕ್ಷದ ಕಚೇರಿಯಾಗಿತ್ತು. ನಾನು ಆಗ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಜನರ ನೋವಿಗೆ ಮಾತು ಕೊಡಬೇಕೆಂದು ಅಧ್ಯಯನ ಶಿಬಿರಗಳಲ್ಲಿ ಕಲಿತು ಬಂದಿದ್ದವಳು. ಪ್ರಚಾರದ ಉಸ್ತುವಾರಿ ಹೊತ್ತಿದ್ದ ವಕೀಲರು ದಿನವೂ ಬೆಳಿಗ್ಗೆ ಎಂಟಕ್ಕೆ ‘ಇವತ್ತಿನ ಮಾತು’ ಯಾವುದೆಂದು ತೀರ್ಮಾನಿಸುತ್ತಿದ್ದರು. ನಾನದನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಬರೆಯುತ್ತಿದ್ದೆ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದ ಚೀಟಿಗಳು ಮನೆ ಮನೆಗೆ ಹೋಗುವ ಹೆಂಗಸರ ಕೈ ಸೇರುತ್ತಿದ್ದವು. ಚೀಟಿಯನ್ನು ಯಾರಿಗೂ ತೋರಿಸಬಾರದು; ಬಾಯಿಪಾಠ ಮಾಡಿ, ತಮಗೇ ಗೊತ್ತಿದ್ದ ಸಂಗತಿಯೆಂಬಂತೆ ಹೇಳಬೇಕು. ಜನ ಏನು ಕೇಳಿದರೆಂದು ಸಂಜೆ ವರದಿ ಬರುತ್ತಿತ್ತು. ಮರುದಿನದ ಚೀಟಿಯಲ್ಲಿ ಅದಕ್ಕೆ ಉತ್ತರವಿರುತ್ತಿತ್ತು.

ಬಡಾವಣೆಯ ರಸ್ತೆಗಳು ಹಾಳಾಗಿದ್ದುದು ನಿಜ. ಆದ್ದರಿಂದ ಒಂದು ದಿನ ‘ಇವತ್ತಿನ ಮಾತು’ ಹೀಗಿತ್ತು: ಗುಂಡಿಬಿದ್ದ ರಸ್ತೆಗೆ ಆಟೋ ಬಾರದೆ ಒಬ್ಬ ಬಸುರಿ ತೀರಿಹೋದಳು.

“ನಿಜವಾಗಿ ಯಾರು ಸಾರ್?” ಎಂದು ಕೇಳಿದೆ.

“ಎಲ್ಲೋ ಆಗಿರುತ್ತೆ ಮೇಡಂ. ಇಂಥ ರಸ್ತೇಲಿ ಆಗದೆ ಇರುತ್ತಾ?”

ನಾನು ಮತ್ತೆ ಕೇಳದೆ ಅದನ್ನೇ ಬರೆದೆ. ಅದು ನನ್ನ ಮೊದಲ ತಪ್ಪು.

ಅಂದು ಸಂಜೆ ಮನೆ ಮನೆಗೆ ಹೋಗುವ ತಂಡದ ಹಿರಿಯಾಕೆ ಜೊತೆಯವಳೊಂದಿಗೆ ಬಂದು ನಕ್ಕಳು. “ಯಾವ ಮನೆ ಅಂತ ಕೇಳಿದ್ರು ಸಾರ್. ನಾನು ಮೂರನೇ ಕ್ರಾಸ್ ಅಂದೆ, ಇವಳು ಮಾರ್ಕೆಟ್ ಹಿಂದೆ ಅಂದ್ಲು. ಒಂದೇ ಹೆಣಾನ ಎರಡು ಕಡೆಯಿಂದ ಎತ್ತಿಸಿಬಿಟ್ವಿ!”

ವಕೀಲರು ನಗಲಿಲ್ಲ. “ಎಲ್ರ ಬಾಯಲ್ಲೂ ಒಂದೇ ಬರ್ಬೇಕು ಕಣ್ರಮ್ಮ. ಮೇಡಂ, ಒಂದು ಮನೆ ಬರ್ಕೊಡಿ. ಕಣ್ಣಿಗೆ ಕಟ್ಟೋ ಹಾಗಿರ್ಲಿ.”

ಬರೆದುಕೊಟ್ಟೆ. ಅತ್ತಿಗುಪ್ಪೆ, ಎರಡನೇ ಅಡ್ಡರಸ್ತೆ, ಹಸಿರು ಗೇಟು, ಒಳಗೊಂದು ನುಗ್ಗೆಮರ, ಮೂಲೆ ಒಡೆದ ತುಳಸಿಕಟ್ಟೆ. ಎಲ್ಲವನ್ನೂ ಕಲ್ಪಿಸಿಕೊಂಡೆನೆಂದೇ ನಂಬಿದ್ದೆ. ಅದು ಎರಡನೆಯ ತಪ್ಪು.

ಮೂರು ದಿನ ಕಳೆದಿರಬೇಕು. ಹಾಲಿನ ಬೂತಿನ ಸಾಲಿನಲ್ಲಿ ನನ್ನ ಮುಂದಿದ್ದ ಅಪರಿಚಿತ ಮುದುಕಿ ತಿರುಗಿ ನನ್ನ ಕೈ ಹಿಡಿದಳು. “ಗೊತ್ತಾಯ್ತೇನಮ್ಮ? ನುಗ್ಗೆಮರದ ಮನೆ ಹುಡುಗಿ... ಅವಳು ಕೂಗಿದ್ದು ನಮ್ಮನೇಗೂ ಕೇಳಿಸ್ತು. ‘ಅಮ್ಮಾ, ಆಟೋ ಬಂತಾ, ಆಟೋ ಬಂತಾ’ ಅಂತಾನೇ ಇದ್ಲು.”

ಆ ಕೂಗು ನನ್ನ ಚೀಟಿಯಲ್ಲಿರಲಿಲ್ಲ. ಮುದುಕಿಯ ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಕೇಳಿಸಿಕೊಂಡಿದ್ದಳು. “ಅಯ್ಯೋ ಪಾಪ” ಎಂದಷ್ಟೇ ಹೇಳಿದೆ. ಅದು ಮೂರನೆಯದು.

ಆ ವಾರವೇ ತಂಡದಲ್ಲಿ ಒಬ್ಬಾಕೆಗೆ ಜ್ವರ ಬಂದು, ಅವಳ ಬದಲು ನಾನು ಹಿರಿಯಾಕೆಯ ಜೊತೆ ಅತ್ತಿಗುಪ್ಪೆಗೆ ಹೋದೆ. ಎರಡನೇ ಅಡ್ಡರಸ್ತೆಯಲ್ಲಿ ನನ್ನ ಕಾಲು ನಿಂತಿತು. ಹಸಿರು ಗೇಟು. ನುಗ್ಗೆಮರ. ತುಳಸಿಕಟ್ಟೆಯ ಒಡೆದ ಮೂಲೆ. ಶಾಲೆಯ ಬಸ್ಸು ಹಿಡಿಯಲು ವರ್ಷಗಟ್ಟಲೆ ನಾನು ಆ ಮನೆಯ ಮುಂದೆಯೇ ಹಾದುಹೋಗಿದ್ದೆ.

ನಾನು ತಡೆಯುವಷ್ಟರಲ್ಲಿ ಹಿರಿಯಾಕೆ ತಲೆಯೆತ್ತದೆ ಚಿಲಕ ಬಡಿದಿದ್ದಳು, ಬಾಗಿಲು ತೆರೆಯುತ್ತಲೇ ಬಾಯಿಪಾಠ ಶುರುಮಾಡಿದ್ದಳು. “ನೋಡಮ್ಮ, ಇದೇ ರಸ್ತೇಲಿ, ನುಗ್ಗೆಮರದ ಮನೇಲಿ...”

ಬಾಗಿಲಲ್ಲಿ ಬಸುರಿಯೊಬ್ಬಳು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಮುಂದಿನ ಮಾತನ್ನು ಅವಳೇ ಮುಗಿಸಿದಳು.

“ಆಟೋ ಬರದೆ ಸತ್ತೋದ್ಲು. ಅಲ್ವಾ ಅಕ್ಕ? ಮೊದ್ಲು ಹಾಲಿನವ್ನು ಹೇಳ್ದ, ಆಮೇಲೆ ಅಂಗಡಿಯವ್ರು. ಇವತ್ತು ನೀವು.” ಒಳಗೆ, ಗೋಡೆಗೆ ಒರಗಿ ಕೂತಿದ್ದ ವಯಸ್ಸಾದ ಹೆಂಗಸಿನತ್ತ ತಿರುಗಿದಳು. “ಕೆಂಗೇರಿಯಿಂದ ನಮ್ಮಮ್ಮ ಅಳ್ತಾ ಓಡಿಬಂದಿದಾಳೆ. ರಾತ್ರಿಯೆಲ್ಲ ನನ್ನ ಮುಟ್ಟಿ ಮುಟ್ಟಿ ನೋಡ್ತಾಳೆ. ಸೋಮವಾರ ಸೀಮಂತ. ನೀವಾದ್ರೂ ಬನ್ನಿ. ನಾನಿದೀನಿ ಅಂತ ಎಲ್ರಿಗೂ ಹೇಳಿ.”

ನಾನು ನೇರವಾಗಿ ಕಚೇರಿಗೆ ಹೋದೆ. ತಿದ್ದುಪಡಿಯ ಚೀಟಿ ಹೊರಡಿಸಬೇಕೆಂದೆ.

“ಇದು ಸುಳ್ಳು ಅಂದ್ರೆ ನಾಳೆ ರಸ್ತೆ ಮಾತೂ ಸುಳ್ಳು ಅಂತಾರೆ ಮೇಡಂ. ಎಲೆಕ್ಷನ್ ಮುಗೀಲಿ,” ಎಂದರು ವಕೀಲರು. ಮರುದಿನ ಅದೇ ಮಾತು ಬೇರೊಬ್ಬರ ಕೈಬರಹದಲ್ಲಿ ಹೊರಟಿತು. ನಾನು ಮತದಾನದ ದಿನದವರೆಗೂ ಕಚೇರಿಗೆ ಹೋಗುತ್ತಲೇ ಇದ್ದೆ. ಇದನ್ನು ಎಷ್ಟನೆಯ ತಪ್ಪೆಂದು ಎಣಿಸಲಿ?

ಸೋಮವಾರ ನಾನು ಆ ಮನೆಗೆ ಹೋದಾಗ ಚಾಪೆ ಹಾಸಿತ್ತು, ಹಸಿರು ಬಳೆಗಳು ತಟ್ಟೆಯಲ್ಲಿದ್ದವು. ಅವಳು ಮುಡಿ ತುಂಬ ಹೂ ಮುಡಿದು ಮಣೆಯ ಮೇಲೆ ಬಾಗಿಲನ್ನೇ ನೋಡುತ್ತ ಕುಳಿತಿದ್ದಳು. ಯಾರೂ ಬರಲಿಲ್ಲ. ರಸ್ತೆಯ ಹೆಂಗಸರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದರು. ಹೋಗಿ ಕರೆದೆ, ನಾವೇ ಕಟ್ಟಿದ ಕಥೆ ಅದೆಂದೂ ಹೇಳಿದೆ.

“ಅವಳು ಇದಾಳೆ, ಕಾಣಿಸ್ತಾಳೆ ಕಣಮ್ಮ,” ಎಂದು ಎದುರುಮನೆಯಾಕೆ ಪಿಸುಗುಟ್ಟಿದಳು. “ಆದ್ರೆ ಅವಳಿಗೋಸ್ಕರ ಒಂದ್ಸಲ ಅತ್ತಾಗಿದೆ. ಅಂಥವಳ ಮಡಿಲು ತುಂಬೋದು ಹೇಗೆ?”

ಅವಳ ತಾಯಿ ಬಳೆ ತೊಡಿಸಿದಳು. ತೆಂಗಿನಕಾಯಿ, ರವಿಕೆಕಣವನ್ನು ನಾನು ಮಡಿಲಿಗಿಟ್ಟೆ. ಹೊರಗಿದ್ದವರು ಕೊನೆಯವರೆಗೂ ತಮ್ಮ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಅವಳು ಕೆಂಗೇರಿಗೆ ಹೋದಳು, ಹೆಣ್ಣುಮಗುವಾಯಿತು, ತಾಯಿ ಮಗಳು ಇಬ್ಬರೂ ಇಂದಿಗೂ ಚೆನ್ನಾಗಿದ್ದಾರೆ. ಆದರೆ ಆ ಮನೆಗೆ ಅವಳು ಮತ್ತೆ ಕಾಲಿಡಲಿಲ್ಲ. ಚುನಾವಣೆಯ ನಂತರ ರಸ್ತೆಗೆ ಡಾಂಬರು ಬಿತ್ತು. ನುಗ್ಗೆಮರ ಕಡಿದರು, ಗೇಟು ಬದಲಾಯಿಸಿದರು. ‘ಬಸುರಿ ಸತ್ತ ಮನೆ’ ಎಂಬ ಗುರುತು ಮಾತ್ರ ಹೋಗಲಿಲ್ಲ. ಕಳೆದ ತಿಂಗಳು ಅವಳ ಮಗಳು ಆಟೋದಲ್ಲಿ ಆ ದಾರಿಯಾಗಿ ಹೋಗುತ್ತಿದ್ದಾಗ ಚಾಲಕ ಕೈ ತೋರಿಸಿದನಂತೆ: “ಅದೇ ನೋಡಿ ಮೇಡಂ, ತಾಯಿ, ಹೊಟ್ಟೇಲಿದ್ದ ಮಗು, ಎರಡೂ ಹೋಯ್ತು.” ಅವಳು ಅಲ್ಲೇ ಆಟೋ ನಿಲ್ಲಿಸಿ ಇಳಿದುಬಿಟ್ಟಳಂತೆ.

ಅಂದು ಪಕ್ಷದ ಕಚೇರಿಯ ಮೇಜಿನ ಸುತ್ತ ಕುಳಿತಿದ್ದವರೇ, ನೀವು ರಾಜಾಜಿನಗರದಲ್ಲೂ ಬಸವೇಶ್ವರನಗರದಲ್ಲೂ ಇನ್ನೂ ಇದ್ದೀರಿ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಆಗಿನ ಪ್ರಚಾರದಂತೆಯೇ ಆಟೋಗೆ ಮೈಕು ಕಟ್ಟಿಸಿಕೊಂಡು ಅತ್ತಿಗುಪ್ಪೆಯ ಎರಡನೇ ಅಡ್ಡರಸ್ತೆಗೆ ಬನ್ನಿ. ಚೀಟಿ ಬರೆದಿಟ್ಟಿದ್ದೇನೆ; ಮೊದಲು ನಾನೇ ಓದುತ್ತೇನೆ, ನಂತರ ಒಬ್ಬೊಬ್ಬರಾಗಿ ನೀವು ಓದಬೇಕು: ‘ಈ ಮನೆಯಲ್ಲಿ ಯಾರೂ ಸಾಯಲಿಲ್ಲ. ಸತ್ತಳೆಂದು ಹೇಳಿದವರು ನಾವು.’